ಓದುಗರ ಪ್ರಶ್ನೆ, ನಮ್ಮ ಉತ್ತರ: ಅಚ್ಚಾಗುವ ಮೊದಲೇ ತಡೆಯುವ ಹಕ್ಕು ಯಾರಿಗಿದೆ?

ಅಭಿವ್ಯಕ್ತಿ ಸ್ವಾತಂತ್ರ್ಯ ಮತ್ತು ಪತ್ರಿಕೆಗಳ ಮೇಲಿನ ನಿರ್ಬಂಧಗಳ ಬಗ್ಗೆ ಪ್ರಶ್ನೆಗಳನ್ನು ಕಳುಹಿಸುವಂತೆ ಕಳೆದ ಸಂಚಿಕೆಯಲ್ಲಿ ಕೋರಿದ್ದೆವು. ಶಿವಮೊಗ್ಗ ಜಿಲ್ಲೆಯಿಂದ ಮತ್ತು ನೆರೆಯ ಕೊಪ್ಪ, ಶೃಂಗೇರಿ ಕಡೆಯಿಂದ ಬಂದ ಪತ್ರಗಳಲ್ಲಿ ಕೆಲವನ್ನು ಆಯ್ದು ಇಲ್ಲಿ ಉತ್ತರಿಸಿದ್ದೇನೆ. ಹೆಸರು ಹಾಕಬೇಡಿ ಎಂದು ಕೇಳಿಕೊಂಡವರೇ ಹೆಚ್ಚಾಗಿರುವುದರಿಂದ ಎಲ್ಲರ ಹೆಸರನ್ನೂ ಬಿಟ್ಟು, ಊರನ್ನು ಮಾತ್ರ ನಮೂದಿಸಲಾಗಿದೆ.

ಪ್ರಶ್ನೆ: 2010ರ ಮಾರ್ಚ್ 1ರಂದು ಪತ್ರಿಕೆಯೊಂದರ ಲೇಖನದಿಂದಾಗಿ ನಮ್ಮ ಶಿವಮೊಗ್ಗ ಹೊತ್ತಿ ಉರಿದದ್ದನ್ನು ಕಣ್ಣಾರೆ ಕಂಡವನು ನಾನು. ಅಂಥ ಬರಹಗಳನ್ನು ಅಚ್ಚಾಗುವ ಮೊದಲೇ ಯಾರಾದರೂ ಅಧಿಕಾರಿ ಓದಿ ತಡೆದಿದ್ದರೆ ಎರಡು ಜೀವ ಉಳಿಯುತ್ತಿತ್ತಲ್ಲವೇ? ಸ್ವಾತಂತ್ರ್ಯದ ಮಾತಾಡುವವರು ಇದಕ್ಕೇನು ಹೇಳುತ್ತೀರಿ? (ನಿವೃತ್ತ ಅಧ್ಯಾಪಕರು, ಶಿವಮೊಗ್ಗ)

ಉತ್ತರ: ತಮ್ಮ ಪ್ರಶ್ನೆಯ ಹಿಂದಿರುವ ಸಂಕಟ ನಿಜವಾದದ್ದು, ಕಾನೂನಿನ ಮಾತುಗಳಿಂದ ಅದನ್ನು ಮುಚ್ಚಿಹಾಕಲು ನಾನು ಬಯಸುವುದಿಲ್ಲ. ಅಂದು ನಡೆದದ್ದನ್ನು ಅಂದಿಲ್ಲದವರಿಗಾಗಿ ಎರಡು ಮಾತಿನಲ್ಲಿ ಹೇಳುತ್ತೇನೆ. ಬುರ್ಖಾ ಪದ್ಧತಿಯ ಬಗ್ಗೆ ಬಾಂಗ್ಲಾದೇಶದ ಲೇಖಕಿ ತಸ್ಲೀಮಾ ನಸ್ರೀನ್ ಅವರ ಹೆಸರಿನಲ್ಲಿ ಕನ್ನಡ ದಿನಪತ್ರಿಕೆಯೊಂದು ಅನುವಾದಿತ ಲೇಖನವನ್ನು ಪ್ರಕಟಿಸಿತು. ಅದನ್ನು ವಿರೋಧಿಸಿ ಶಿವಮೊಗ್ಗ ಮತ್ತು ಹಾಸನದಲ್ಲಿ ಹೊರಟ ಮೆರವಣಿಗೆಗಳು ಗಲಭೆಗೆ ತಿರುಗಿದವು. ಶಿವಮೊಗ್ಗದಲ್ಲಿ ಇಬ್ಬರು ಪ್ರಾಣ ಕಳೆದುಕೊಂಡರು, ಕರ್ಫ್ಯೂ ಜಾರಿಯಾಯಿತು. ಮರುದಿನವೇ ಆ ಲೇಖಕಿ, ಕರ್ನಾಟಕದ ಯಾವ ಪತ್ರಿಕೆಗೂ ತಾನು ಎಂದೂ ಬರೆದಿಲ್ಲವೆಂದು ಹೇಳಿಕೆ ಕೊಟ್ಟರು.

ಆ ಕೊನೆಯ ಸಂಗತಿಯನ್ನು ನಾವು ಬೇಗ ಮರೆತೆವು, ಆದರೆ ತಮ್ಮ ಪ್ರಶ್ನೆಗೆ ಉತ್ತರ ಅಲ್ಲಿಂದಲೇ ಆರಂಭವಾಗುತ್ತದೆ. ಆ ಬರಹ ಎಲ್ಲಿಂದ ಬಂತು, ಅನುವಾದಕ್ಕೆ ಲೇಖಕಿಯ ಒಪ್ಪಿಗೆ ಇತ್ತೇ, ಮೂಲಕ್ಕೂ ಅನುವಾದಕ್ಕೂ ತಾಳೆ ನೋಡಿದವರು ಯಾರು ಎಂಬ ಪ್ರಶ್ನೆಗಳನ್ನು ಕೇಳಬೇಕಾದವರು ಸಂಪಾದಕೀಯ ವಿಭಾಗದಲ್ಲಿ ಕುಳಿತವರು. ಅದು ಪತ್ರಿಕಾವೃತ್ತಿಯ ಮೊದಲ ಪಾಠ. ಆ ಕೆಲಸವನ್ನು ಸರ್ಕಾರಿ ಅಧಿಕಾರಿಗೆ ವಹಿಸಿದರೆ ಆತ ಈ ಪ್ರಶ್ನೆಗಳನ್ನು ಕೇಳುತ್ತಾನೆಂದು ನಂಬಲು ನಮ್ಮ ಇತಿಹಾಸದಲ್ಲಿ ಆಧಾರವಿಲ್ಲ. ಅಧಿಕಾರಿ ನೋಡುವುದು, ಈ ಬರಹದಿಂದ ತನ್ನ ಮೇಲಿನವರಿಗೆ ತೊಂದರೆಯಾದೀತೇ ಎಂಬುದನ್ನು.

ಇದು ಬರಿಯ ಊಹೆಯಲ್ಲ, ದೇಶ ಒಮ್ಮೆ ಅನುಭವಿಸಿದ ಸಂಗತಿ. 1975ರ ಜೂನ್ 25ರ ರಾತ್ರಿ ತುರ್ತು ಪರಿಸ್ಥಿತಿ ಘೋಷಣೆಯಾದಾಗ ದೆಹಲಿಯ ಪತ್ರಿಕಾ ಕಚೇರಿಗಳಿರುವ ರಸ್ತೆಗೆ ವಿದ್ಯುತ್ ಕಡಿತಗೊಳಿಸಲಾಯಿತು. ಬೆಳಿಗ್ಗೆ ಓದುಗರಿಗೆ ಸುದ್ದಿ ಮುಟ್ಟದಿರಲೆಂಬುದೇ ಅದರ ಉದ್ದೇಶವಾಗಿತ್ತು. ಆ ಬಳಿಕ ಪ್ರತಿ ಸುದ್ದಿಯನ್ನೂ ಸೆನ್ಸಾರ್ ಅಧಿಕಾರಿಯ ಮುಂದಿಡಬೇಕಾಯಿತು. ಇಂಡಿಯನ್ ಎಕ್ಸ್‌ಪ್ರೆಸ್ ಜೂನ್ 28ರಂದು ಸಂಪಾದಕೀಯದ ಜಾಗವನ್ನು ಖಾಲಿ ಬಿಟ್ಟು ಪ್ರತಿಭಟಿಸಿತು; ಹಾಗೆ ಖಾಲಿ ಬಿಡುವುದನ್ನೂ ಆಮೇಲೆ ನಿಷೇಧಿಸಲಾಯಿತು. ಏಕೆಂದರೆ ಖಾಲಿ ಜಾಗವು ಇಲ್ಲಿ ಏನನ್ನೋ ತೆಗೆದುಹಾಕಲಾಗಿದೆ ಎಂದು ಓದುಗನಿಗೆ ಹೇಳಿಬಿಡುತ್ತಿತ್ತು. ಕಾನೂನು ಸುವ್ಯವಸ್ಥೆಯ ಹೆಸರಿನಲ್ಲಿ ಬಂದ ಆ ವ್ಯವಸ್ಥೆ ಕಾಪಾಡಿದ್ದು ಸರ್ಕಾರದ ಮುಖವನ್ನು. ಅಂಥ ದಿನಗಳಲ್ಲಿಯೂ ಬಾಂಬೆ ಹೈಕೋರ್ಟು 1976ರಲ್ಲಿ, ಮಿನೂ ಮಸಾನಿಯವರು ಸಂಪಾದಿಸುತ್ತಿದ್ದ ‘ಫ್ರೀಡಮ್ ಫಸ್ಟ್’ ಪತ್ರಿಕೆಯ ಬರಹಗಳನ್ನು ತಡೆದ ಸೆನ್ಸಾರ್ ಆದೇಶಗಳನ್ನು ರದ್ದುಪಡಿಸಿ, ಸರ್ಕಾರವನ್ನು ಟೀಕಿಸುವ ಹಕ್ಕು ತುರ್ತು ಪರಿಸ್ಥಿತಿಯಲ್ಲಿಯೂ ಸತ್ತಿಲ್ಲವೆಂದು ಎತ್ತಿ ಹಿಡಿಯಿತು. ಆ ತೀರ್ಪಿನ ನೆನಪು ನಮ್ಮಲ್ಲಿ ಇನ್ನೂ ಹೆಚ್ಚು ಜನರಿಗೆ ಇರಬೇಕಿತ್ತು.

ಹಾಗಾದರೆ ಹೊಣೆಗೇಡಿ ಬರಹಕ್ಕೆ ಉತ್ತರದಾಯಿತ್ವವೇ ಬೇಡವೇ? ಖಂಡಿತ ಬೇಕು. ಸಮುದಾಯಗಳ ನಡುವೆ ದ್ವೇಷ ಹುಟ್ಟಿಸುವ ಮಾತಿಗೆ ಭಾರತೀಯ ನ್ಯಾಯ ಸಂಹಿತೆಯ 196ನೆಯ ಕಲಮು, ಧಾರ್ಮಿಕ ಭಾವನೆಗೆ ದುರುದ್ದೇಶದಿಂದ ಧಕ್ಕೆ ತರುವ ಮಾತಿಗೆ 299ನೆಯ ಕಲಮು ಇವೆ. ಇವೆಲ್ಲವೂ ಪ್ರಕಟವಾದ ಬಳಿಕ, ತೆರೆದ ನ್ಯಾಯಾಲಯದಲ್ಲಿ, ಬರೆದವನ ಮಾತನ್ನೂ ಕೇಳಿ ತೀರ್ಮಾನವಾಗುವಂಥವು. ಪ್ರಕಟಿಸಿದವನು ತನ್ನ ಮಾತಿಗೆ ಹೊಣೆಗಾರನಾಗಬೇಕು. ಆದರೆ ಪ್ರಕಟವಾಗುವ ಮೊದಲೇ, ಮುಚ್ಚಿದ ಕೋಣೆಯಲ್ಲಿ, ಏನನ್ನು ತಡೆದೆವೆಂದು ಯಾರಿಗೂ ತಿಳಿಯದಂತೆ ತಡೆಯುವ ಅಧಿಕಾರ ಯಾರ ಕೈಗೂ ಹೋಗಬಾರದು. ಅಲ್ಲದೆ, ಅಂದು ಕಲ್ಲು ಹಿಡಿದು ಬೀದಿಗಿಳಿದವರ ಹೊಣೆಯನ್ನು ಪೂರ್ತಿಯಾಗಿ ಲೇಖನದ ಮೇಲೆ ಹೊರಿಸುವುದೂ ನ್ಯಾಯವಲ್ಲ. ಓದಿ ಸಿಟ್ಟಾದವರು ಸಾವಿರ ಜನರಿದ್ದಿರಬಹುದು, ಅವರಲ್ಲಿ ಬಹುಮಂದಿ ಯಾರ ಅಂಗಡಿಗೂ ಬೆಂಕಿಯಿಟ್ಟವರಲ್ಲ.

ಪ್ರಶ್ನೆ: ನಮ್ಮ ಸಂವಿಧಾನದಲ್ಲಿ ಪತ್ರಿಕಾ ಸ್ವಾತಂತ್ರ್ಯಕ್ಕೆ ಪ್ರತ್ಯೇಕ ವಿಧಿಯೇ ಇಲ್ಲವೆಂದು ತರಗತಿಯಲ್ಲಿ ಹೇಳಿದರು. ಹಾಗಿದ್ದರೆ ಅದು ಎಲ್ಲಿಂದ ಬಂತು? (ಸ್ನಾತಕೋತ್ತರ ವಿದ್ಯಾರ್ಥಿನಿ, ಶಂಕರಘಟ್ಟ)

ಉತ್ತರ: ಪ್ರತ್ಯೇಕ ವಿಧಿ ಇಲ್ಲವೆಂಬುದು ನಿಜ. ಸಂವಿಧಾನ ರಚನಾ ಸಭೆಯಲ್ಲಿ ಈ ಪ್ರಶ್ನೆ ಬಂದಾಗ ಡಾ. ಅಂಬೇಡ್ಕರ್ ಅವರು, ಪತ್ರಿಕೆಯ ಸಂಪಾದಕನೂ ನಾಗರಿಕನೇ, ಬರೆಯುವಾಗ ಆತ ಚಲಾಯಿಸುವುದು ನಾಗರಿಕನ ಹಕ್ಕನ್ನೇ, ಆದ್ದರಿಂದ ಬೇರೆ ಉಲ್ಲೇಖ ಬೇಕಿಲ್ಲವೆಂಬ ನಿಲುವನ್ನು ತಳೆದರು. ಹೀಗೆ ಎಲ್ಲ ನಾಗರಿಕರಿಗೂ ವಾಕ್ ಮತ್ತು ಅಭಿವ್ಯಕ್ತಿ ಸ್ವಾತಂತ್ರ್ಯ ಕೊಡುವ 19(1)(ಎ) ವಿಧಿಯೇ ಪತ್ರಿಕೆಯ ಹಕ್ಕಿನ ಮೂಲವೂ ಆಗಿದೆ. ಈ ಏರ್ಪಾಟಿನಲ್ಲಿ ನನಗೆ ಕಾಣುವ ದೊಡ್ಡ ಲಾಭವೆಂದರೆ, ದೆಹಲಿಯ ದೊಡ್ಡ ಪತ್ರಿಕೆಗೆ ಇರುವ ಹಕ್ಕು ಸೊರಬದ ಕರಪತ್ರಕ್ಕೂ ಅಷ್ಟೇ ಇದೆ.

ಈ ವಿಧಿಯ ಮೊದಲ ಪರೀಕ್ಷೆ ಗಣರಾಜ್ಯದ ಮೊದಲ ವರ್ಷದಲ್ಲಿಯೇ ನಡೆಯಿತು. ಎಡಪಂಥೀಯ ವಾರಪತ್ರಿಕೆ ‘ಕ್ರಾಸ್ ರೋಡ್ಸ್’ ತನ್ನ ಗಡಿಯೊಳಗೆ ಬರಬಾರದೆಂದು ಮದರಾಸು ಸರ್ಕಾರ ತಡೆಯಿತು. ಬಲಪಂಥೀಯ ‘ಆರ್ಗನೈಸರ್’ ಪತ್ರಿಕೆಯು ಮೊದಲೇ ತೋರಿಸಿ ಅನುಮತಿ ಪಡೆಯಬೇಕೆಂದು ದೆಹಲಿಯ ಆಡಳಿತ ಆದೇಶಿಸಿತು. 1950ರ ಮೇ 26ರಂದು ಸುಪ್ರೀಂ ಕೋರ್ಟು ಎರಡೂ ಆದೇಶಗಳನ್ನು ಒಂದೇ ದಿನ ರದ್ದುಪಡಿಸಿತು. ಎರಡು ಪತ್ರಿಕೆಗಳ ವಿಚಾರಗಳಿಗೂ ಉತ್ತರ ದಕ್ಷಿಣದಷ್ಟು ಅಂತರವಿದ್ದರೂ ಹಕ್ಕು ಒಂದೇ ಆಗಿತ್ತೆಂಬುದನ್ನು ನೀವು ಗಮನಿಸಬೇಕು. ಆದರೆ ಮರುವರ್ಷವೇ ಸಂವಿಧಾನದ ಮೊದಲ ತಿದ್ದುಪಡಿ ಬಂದು, ಆ ಹಕ್ಕಿನ ಮಿತಿಗಳನ್ನು ಹೇಳುವ 19(2) ವಿಧಿಯಲ್ಲಿ ಸಾರ್ವಜನಿಕ ಸುವ್ಯವಸ್ಥೆ, ಅಪರಾಧಕ್ಕೆ ಪ್ರಚೋದನೆ, ವಿದೇಶಗಳೊಡನೆ ಸ್ನೇಹಸಂಬಂಧ ಎಂಬ ಹೊಸ ನಿರ್ಬಂಧಗಳು ಸೇರಿದವು. ನಿರ್ಬಂಧಗಳು ‘ಸಮಂಜಸ’ವಾಗಿರಬೇಕೆಂಬ ಮಾತೂ ಆಗಲೇ ಸೇರಿದ್ದರಿಂದ, ಅವು ಸಮಂಜಸವೇ ಎಂದು ತೂಗಿ ನೋಡುವ ಅಧಿಕಾರ ನ್ಯಾಯಾಲಯಗಳ ಬಳಿ ಉಳಿಯಿತು.

ನಿಮ್ಮ ಪರೀಕ್ಷೆಗೆ ಬೇಕಾಗುವ ಇನ್ನೆರಡು ಪ್ರಕರಣಗಳು: ಪುಟಗಳ ಸಂಖ್ಯೆಗೂ ಬೆಲೆಗೂ ಸರ್ಕಾರ ಗಂಟುಹಾಕುವುದನ್ನು ತಡೆದ 1962ರ ಸಕಾಳ್ ಪತ್ರಿಕೆಯ ಪ್ರಕರಣ, ಮುದ್ರಣ ಕಾಗದದ ಹಂಚಿಕೆಯ ನೆಪದಲ್ಲಿ ಪುಟಗಳನ್ನು ಮಿತಗೊಳಿಸುವುದನ್ನು ತಡೆದ 1972ರ ಬೆನೆಟ್ ಕೋಲ್ಮನ್ ಪ್ರಕರಣ. ನಮ್ಮ ಸೀಮೆ ಸೇರಿದ್ದ ಹಳೆಯ ಮೈಸೂರು ಸಂಸ್ಥಾನದ ಕಥೆಯನ್ನೂ ಓದಿಕೊಳ್ಳಿ. ಅಲ್ಲಿ 1908ರಲ್ಲಿ ಪತ್ರಿಕೆಗಳನ್ನು ಹತ್ತಿಕ್ಕುವ ಕಾಯ್ದೆ ಬಂದಾಗ, ತಾತಯ್ಯ ಎಂದೇ ಜನ ಕರೆಯುತ್ತಿದ್ದ ಎಂ. ವೆಂಕಟಕೃಷ್ಣಯ್ಯನವರು ಅದಕ್ಕೆ ತಲೆಬಾಗಿ ಪತ್ರಿಕೆ ನಡೆಸುವುದಕ್ಕಿಂತ ನಿಲ್ಲಿಸುವುದೇ ಲೇಸೆಂದು ತಮ್ಮ ಪತ್ರಿಕೆಗಳನ್ನು ನಿಲ್ಲಿಸಿದರು.

ಪ್ರಶ್ನೆ: ನಮ್ಮ ಭಾಗದ ಪಂಚಾಯಿತಿಯೊಂದು ಹಾಕಿದ ಸಿಮೆಂಟ್ ರಸ್ತೆ ಮೊದಲ ಮಳೆಗಾಲದಲ್ಲಿಯೇ ಕಿತ್ತುಹೋದದ್ದನ್ನು ನಮ್ಮ ಸಣ್ಣ ವಾರಪತ್ರಿಕೆಯಲ್ಲಿ ಚಿತ್ರಸಹಿತ ಪ್ರಕಟಿಸಿದೆ. ಈಗ ಪಂಚಾಯಿತಿಯ ಹೆಸರಿನಲ್ಲಿ ಹತ್ತು ಲಕ್ಷ ರೂಪಾಯಿ ಮಾನನಷ್ಟ ಪರಿಹಾರ ಕೇಳಿ ವಕೀಲರ ನೋಟಿಸು ಬಂದಿದೆ. ಠಾಣೆಯಿಂದಲೂ ಒಮ್ಮೆ ಬಂದು ಹೋಗಿ ಎಂದು ಫೋನ್ ಬಂತು. ಎರಡನೆಯ ಕಂತನ್ನು ನಿಲ್ಲಿಸಬೇಕೇ? (ವರದಿಗಾರ, ಹೊಸನಗರ ತಾಲ್ಲೂಕು)

ಉತ್ತರ: ಬರೆದದ್ದಕ್ಕೆ ದಾಖಲೆ ಇದ್ದರೆ ನಿಲ್ಲಿಸಬೇಡಿ. ನಿಮ್ಮಂಥವರ ಎರಡನೆಯ ಕಂತು ಅಚ್ಚಾಗದಂತೆ ಮಾಡುವುದೇ ಇಂಥ ಬಹುಪಾಲು ನೋಟಿಸುಗಳ ಗುರಿ. ಮೊದಲ ಕಂತಿನಿಂದಾದ ಹಾನಿಯ ಲೆಕ್ಕ ಅವುಗಳಲ್ಲಿ ನೆಪಕ್ಕೆ ಮಾತ್ರ ಇರುತ್ತದೆ.

ಮೊದಲಿಗೆ ಪಂಚಾಯಿತಿಯ ವಿಷಯ. 1994ರಲ್ಲಿ ಆರ್. ರಾಜಗೋಪಾಲ್ ಮತ್ತು ತಮಿಳುನಾಡು ಸರ್ಕಾರದ ನಡುವಿನ ಪ್ರಕರಣದಲ್ಲಿ ಸುಪ್ರೀಂ ಕೋರ್ಟು, ಸರ್ಕಾರವಾಗಲಿ ಸ್ಥಳೀಯ ಸಂಸ್ಥೆಯಾಗಲಿ ಆಡಳಿತಾಧಿಕಾರ ಚಲಾಯಿಸುವ ಬೇರಾವ ಅಂಗವಾಗಲಿ ತನ್ನ ಮಾನಹಾನಿಯಾಯಿತೆಂದು ಪರಿಹಾರದ ದಾವೆ ಹೂಡಲಾಗದು ಎಂದು ಸ್ಪಷ್ಟವಾಗಿ ಹೇಳಿದೆ. ಗ್ರಾಮ ಪಂಚಾಯಿತಿ ಸ್ಥಳೀಯ ಸಂಸ್ಥೆ. ಜನರ ತೆರಿಗೆಯಲ್ಲಿ ನಡೆಯುವ ಸಂಸ್ಥೆ ಜನರ ಮೇಲೆಯೇ ಮಾನದ ದಾವೆ ಹೂಡುವಂತಿಲ್ಲವೆಂಬುದು ಇದರ ತಿರುಳು. ಅಧ್ಯಕ್ಷರೋ ಅಧಿಕಾರಿಯೋ ಗುತ್ತಿಗೆದಾರರೋ ವೈಯಕ್ತಿಕವಾಗಿ ದಾವೆ ಹೂಡಬಹುದು, ನಿಜ. ಆದರೆ ಅದೇ ತೀರ್ಪಿನ ಪ್ರಕಾರ, ಸರ್ಕಾರಿ ಹುದ್ದೆಯಲ್ಲಿರುವವರು ತಮ್ಮ ಕರ್ತವ್ಯಕ್ಕೆ ಸಂಬಂಧಿಸಿದ ಬರಹದ ಮೇಲೆ ಪರಿಹಾರ ಪಡೆಯಬೇಕಾದರೆ, ಬರಹ ಸುಳ್ಳಾಗಿತ್ತು ಮತ್ತು ಸತ್ಯಾಸತ್ಯದ ಪರಿವೆಯೇ ಇಲ್ಲದೆ ಬರೆಯಲಾಗಿತ್ತು ಎಂದು ತೋರಿಸಬೇಕು. ನೀವು ತಕ್ಕಮಟ್ಟಿಗೆ ಪರಿಶೀಲಿಸಿ ಬರೆದಿದ್ದೀರೆಂದು ತೋರಿಸಿದರೆ ಸಾಕಾಗುತ್ತದೆ.

ಠಾಣೆಯ ಕರೆಯ ವಿಷಯದಲ್ಲಿ ಹೆದರಬೇಡಿ, ಉಡಾಫೆಯನ್ನೂ ಮಾಡಬೇಡಿ. ಮಾನಹಾನಿ, ಅಂದರೆ ನ್ಯಾಯ ಸಂಹಿತೆಯ 356ನೆಯ ಕಲಮಿನ ಅಪರಾಧ, ಪೊಲೀಸರು ತಾವಾಗಿಯೇ ಪ್ರಕರಣ ದಾಖಲಿಸಿಕೊಂಡು ತನಿಖೆ ಮಾಡಬಹುದಾದ ಅಪರಾಧವಲ್ಲ. ನೊಂದವರು ಮ್ಯಾಜಿಸ್ಟ್ರೇಟರ ಮುಂದೆ ಖಾಸಗಿ ದೂರು ಸಲ್ಲಿಸಬೇಕು, ಮತ್ತು 2024ರ ಜುಲೈ 1ರಿಂದ ಜಾರಿಗೆ ಬಂದಿರುವ ಹೊಸ ಕ್ರಿಮಿನಲ್ ಪ್ರಕ್ರಿಯಾ ಸಂಹಿತೆಯ 223ನೆಯ ಕಲಮಿನಂತೆ, ಆರೋಪಿಯ ಮಾತನ್ನು ಕೇಳದೆ ಮ್ಯಾಜಿಸ್ಟ್ರೇಟರು ಆ ದೂರನ್ನು ವಿಚಾರಣೆಗೆ ಅಂಗೀಕರಿಸುವಂತಿಲ್ಲ. ಆದ್ದರಿಂದ ಠಾಣೆಯವರನ್ನು ವಿನಯದಿಂದಲೇ, ಯಾವ ಕಲಮಿನಡಿ ಕರೆದಿದ್ದೀರಿ ಎಂದು ಲಿಖಿತ ನೋಟಿಸು ಕೇಳಿ. ಕ್ರಿಮಿನಲ್ ಮಾನಹಾನಿ ಕಾನೂನನ್ನು ಸುಪ್ರೀಂ ಕೋರ್ಟು 2016ರಲ್ಲಿ ಎತ್ತಿಹಿಡಿದಿದೆ, ಎರಡು ವರ್ಷದವರೆಗಿನ ಸಾದಾ ಸೆರೆಗೂ ಅದರಲ್ಲಿ ಅವಕಾಶವಿದೆ. ಮಾತಿಗಾಗಿ ಜೈಲಿಗೆ ಕಳುಹಿಸುವ ಈ ಕಾನೂನು ಉಳಿಯಬಾರದಿತ್ತೆಂಬುದು ನನ್ನ ದೃಢವಾದ ಅಭಿಪ್ರಾಯ, ಆದರೆ ಇರುವವರೆಗೂ ಅದರ ಅಪವಾದಗಳೇ ನಮಗೆ ಆಸರೆ: ಸಾರ್ವಜನಿಕ ಹಿತಕ್ಕಾಗಿ ಹೇಳಿದ ಸತ್ಯ, ಸರ್ಕಾರಿ ಸೇವಕರ ಕರ್ತವ್ಯದ ಬಗ್ಗೆ ಸದ್ಭಾವನೆಯ ಅಭಿಪ್ರಾಯ, ನ್ಯಾಯಾಲಯದ ಕಲಾಪದ ಯಥಾರ್ಥ ವರದಿ ಇವು ಮಾನಹಾನಿಯಾಗುವುದಿಲ್ಲ.

ಇನ್ನು ದಾಖಲೆ. ಕಾಮಗಾರಿಯ ಅಂದಾಜು ಪಟ್ಟಿ, ಅಳತೆ ಪುಸ್ತಕ, ಬಿಲ್ಲು ಪಾವತಿಯ ಪ್ರತಿಗಳನ್ನು ಮಾಹಿತಿ ಹಕ್ಕಿನಡಿ 10 ರೂಪಾಯಿ ಶುಲ್ಕದೊಂದಿಗೆ ಕೇಳಿ. ಉತ್ತರಕ್ಕೆ 30 ದಿನಗಳ ಗಡುವಿದೆ. ಈ ಕಾಯ್ದೆಯಡಿ ಕಾಮಗಾರಿಯನ್ನು ಖುದ್ದು ಪರಿಶೀಲಿಸುವ, ಬಳಸಿದ ಸಾಮಗ್ರಿಯ ದೃಢೀಕೃತ ಮಾದರಿಯನ್ನು ಪಡೆಯುವ ಹಕ್ಕೂ ಇದೆಯೆಂಬುದು ಅನೇಕ ವರದಿಗಾರರಿಗೆ ತಿಳಿದಿಲ್ಲ. ರಸ್ತೆಯ ಕಾಂಕ್ರೀಟಿನ ತುಂಡೊಂದನ್ನು ಅಧಿಕೃತವಾಗಿಯೇ ಪಡೆದು ಪರೀಕ್ಷೆಗೆ ಕಳುಹಿಸಬಹುದು. ವೈಯಕ್ತಿಕ ಮಾಹಿತಿಯ ನೆಪದಲ್ಲಿ ನಿರಾಕರಿಸುವ ಸಾಧ್ಯತೆ ಈಗ ಹೆಚ್ಚಿದೆ, ಏಕೆಂದರೆ 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯು ಮಾಹಿತಿ ಹಕ್ಕು ಕಾಯ್ದೆಯ 8(1)(ಜೆ) ಕಲಮಿನಲ್ಲಿದ್ದ ಸಾರ್ವಜನಿಕ ಹಿತದ ಮಾತನ್ನು ತೆಗೆದುಹಾಕಿದೆ. ಆಗ 8(2)ನೆಯ ಕಲಮನ್ನು ಉಲ್ಲೇಖಿಸಿ ಮೇಲ್ಮನವಿ ಹಾಕಿ; ಹಾನಿಗಿಂತ ಸಾರ್ವಜನಿಕ ಹಿತ ಹೆಚ್ಚಿದ್ದರೆ ಮಾಹಿತಿ ಕೊಡಬಹುದೆಂಬ ಮಾತು ಅಲ್ಲಿ ಇನ್ನೂ ಉಳಿದಿದೆ.

ಸಿವಿಲ್ ನ್ಯಾಯಾಲಯದಿಂದ ನಿಮ್ಮನ್ನು ಕೇಳದೆಯೇ ತಾತ್ಕಾಲಿಕ ತಡೆಯಾಜ್ಞೆ ತರುವ ಪ್ರಯತ್ನ ನಡೆಯಬಹುದೆಂಬ ಅನುಮಾನವಿದ್ದರೆ ಕೇವಿಯಟ್ (ನಮ್ಮ ಮಾತು ಕೇಳದೆ ಆದೇಶ ಕೊಡಬೇಡಿ ಎಂದು ನ್ಯಾಯಾಲಯಕ್ಕೆ ಮೊದಲೇ ಸಲ್ಲಿಸುವ ಕೋರಿಕೆ) ಹಾಕಿಡಿ, ಅದು 90 ದಿನ ಊರ್ಜಿತದಲ್ಲಿರುತ್ತದೆ. ಈಗಿನ ಕಾಲದಲ್ಲಿ ಸೆನ್ಸಾರ್ ಅಧಿಕಾರಿಯ ಜಾಗವನ್ನು ಬಹುಮಟ್ಟಿಗೆ ತುಂಬಿರುವುದು ಈ ಬಗೆಯ ಏಕಪಕ್ಷೀಯ ತಡೆಯಾಜ್ಞೆಗಳೇ. ವಿಚಾರಣೆಯೇ ಆಗದೆ ಲೇಖನವನ್ನು ತೆಗೆಸುವುದು ಓದುಗರ ತಿಳಿಯುವ ಹಕ್ಕಿಗೂ ಪೆಟ್ಟು ಕೊಡುತ್ತದೆಂದು, 2024ರ ಮಾರ್ಚ್‌ನಲ್ಲಿ ಬ್ಲೂಮ್‌ಬರ್ಗ್ ಸುದ್ದಿಸಂಸ್ಥೆಯ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಕೆಳ ನ್ಯಾಯಾಲಯಗಳನ್ನು ಎಚ್ಚರಿಸಿದೆ. ನಿಮ್ಮ ವಕೀಲರಿಗೆ ಅದನ್ನು ತೋರಿಸಿ. ಕೊನೆಯದಾಗಿ, ಎರಡನೆಯ ಕಂತಿಗೆ ಮೊದಲು ಪಂಚಾಯಿತಿಯ ಅಧ್ಯಕ್ಷರಿಗೂ ಅಭಿವೃದ್ಧಿ ಅಧಿಕಾರಿಗೂ ನಿಮ್ಮ ಪ್ರಶ್ನೆಗಳನ್ನು ಬರವಣಿಗೆಯಲ್ಲಿ ಕಳುಹಿಸಿ, ಅವರು ಕೊಟ್ಟ ಉತ್ತರವನ್ನು ಪೂರ್ತಿಯಾಗಿ ಪ್ರಕಟಿಸಿ.

ಪ್ರಶ್ನೆ: ಶಾಸಕರನ್ನು ಟೀಕಿಸಿದರೆ ಹಕ್ಕುಚ್ಯುತಿಯೆಂದು ವಿಧಾನಸಭೆ ಸಂಪಾದಕರನ್ನು ಜೈಲಿಗೆ ಹಾಕಬಹುದೇ? (ಓದುಗರು, ಕೊಪ್ಪ)

ಉತ್ತರ: ಹಕ್ಕುಚ್ಯುತಿಯೆಂದರೆ ಸದನದ ವಿಶೇಷ ಹಕ್ಕುಗಳಿಗೆ ಧಕ್ಕೆ ತರುವುದು. ಅದಕ್ಕಾಗಿ ಜೈಲಿಗೆ ಹಾಕುವ ಅಧಿಕಾರ ತನಗಿದೆಯೆಂದು ಸದನ ಭಾವಿಸಿದೆ. 2017ರ ಜೂನ್‌ನಲ್ಲಿ ನಮ್ಮ ವಿಧಾನಸಭೆಯೇ ಇಬ್ಬರು ವಾರಪತ್ರಿಕೆ ಸಂಪಾದಕರಿಗೆ ಒಂದು ವರ್ಷದ ಸೆರೆವಾಸ ವಿಧಿಸಿತ್ತು. ಸಂವಿಧಾನದ 194(3) ವಿಧಿ ಶಾಸನಸಭೆಯ ಹಕ್ಕುಗಳನ್ನು ಕಾನೂನಿನ ಮೂಲಕ ನಿರೂಪಿಸಿಕೊಳ್ಳಲು ಅವಕಾಶ ಕೊಟ್ಟಿದೆ, ಆದರೆ ಇಷ್ಟು ದಶಕಗಳಾದರೂ ಅಂಥ ಕಾನೂನನ್ನು ಮಾಡಿಲ್ಲ. ಹಾಗಾಗಿ ದೂರುದಾರರೂ ತೀರ್ಪುಗಾರರೂ ಒಂದೇ ಕಡೆಯವರಾಗುತ್ತಾರೆ. ಶಾಸಕರಿಗೆ ಮಾನಹಾನಿಯಾಗಿದ್ದರೆ ಎಲ್ಲರಂತೆ ನ್ಯಾಯಾಲಯಕ್ಕೆ ಹೋಗಬೇಕೆಂದು ನಾನು ಬಲವಾಗಿ ನಂಬುತ್ತೇನೆ. ಸದನದ ಕಲಾಪವನ್ನು ಯಥಾರ್ಥವಾಗಿ, ದುರುದ್ದೇಶವಿಲ್ಲದೆ ವರದಿ ಮಾಡುವವರಿಗೆ ಮಾತ್ರ 1978ರ 44ನೆಯ ತಿದ್ದುಪಡಿಯಲ್ಲಿ ಸೇರಿದ 361ಎ ವಿಧಿಯ ರಕ್ಷಣೆ ಇದೆ.

ಪ್ರಶ್ನೆ: ನಮ್ಮ ಹಳ್ಳಿಯ ಯುವಕರ ತಂಡ ಜಾತಿಯ ವಿಷಯವಿರುವ ನಾಟಕವೊಂದನ್ನು ಸಿದ್ಧಪಡಿಸಿತ್ತು. ಕೆಲವರು ಗಲಾಟೆ ಮಾಡುವುದಾಗಿ ಹೇಳಿದ್ದರಿಂದ ‘ಒಂದು ದೃಶ್ಯ ತೆಗೆದುಬಿಡಿ, ಇಲ್ಲವೇ ಪ್ರದರ್ಶನ ಬೇಡ’ ಎಂದು ಅಧಿಕಾರಿಗಳು ಬಾಯಿಮಾತಿನಲ್ಲಿ ಹೇಳಿದರು. ನಾಟಕ ನಿಂತಿತು. ನಾವು ಏನು ಮಾಡಬಹುದಿತ್ತು? (ರಂಗಾಸಕ್ತರು, ಸಾಗರ ತಾಲ್ಲೂಕು)

ಉತ್ತರ: 1949ರಿಂದ ಹೆಗ್ಗೋಡಿನ ನೀನಾಸಮ್‌ನಂಥ ರಂಗಸಂಸ್ಥೆ ಬೆಳೆದು ನಿಂತಿರುವ ತಾಲ್ಲೂಕಿನಿಂದ ಈ ಪತ್ರ ಬಂದದ್ದು ನನಗೆ ಬಹಳ ನೋವು ತಂದಿತು. ಹಳ್ಳಿಯ ಜನ ಸಂಜೆ ಸೇರಿ, ತಮ್ಮದೇ ಬದುಕಿನ ಕಠಿಣ ಪ್ರಶ್ನೆಗಳನ್ನು ರಂಗದ ಮೇಲೆ ನೋಡಿ, ರಾತ್ರಿ ಜಗಳವಾಡದೆ ಮನೆಗೆ ಹೋಗಬಲ್ಲರೆಂಬುದನ್ನು ಆ ಊರು ದಶಕಗಳಿಂದ ತೋರಿಸಿಕೊಟ್ಟಿದೆ.

ಗಲಾಟೆಯ ಬೆದರಿಕೆ ಹಾಕಿದವರನ್ನು ಬಿಟ್ಟು ನಾಟಕ ಆಡುವವರನ್ನು ತಡೆಯುವುದು ಆಡಳಿತಕ್ಕೆ ಸುಲಭದ ದಾರಿ. ಕಾನೂನು ಅದನ್ನು ಒಪ್ಪುವುದಿಲ್ಲ. 1989ರ ಎಸ್. ರಂಗರಾಜನ್ ಪ್ರಕರಣದಲ್ಲಿ, ಮೀಸಲಾತಿಯನ್ನು ಟೀಕಿಸಿದ ತಮಿಳು ಚಲನಚಿತ್ರವೊಂದರ ಪ್ರಮಾಣಪತ್ರವನ್ನು ಗಲಭೆಯ ಭಯದಿಂದ ರದ್ದುಪಡಿಸಿದ್ದನ್ನು ಸುಪ್ರೀಂ ಕೋರ್ಟು ತಳ್ಳಿಹಾಕಿತು. ಪ್ರತಿಭಟನೆಯ ಬೆದರಿಕೆಗೆ ಮಣಿದು ಅಭಿವ್ಯಕ್ತಿಯನ್ನು ಹತ್ತಿಕ್ಕುವುದೆಂದರೆ ಕಾನೂನಿನ ಆಳ್ವಿಕೆಯನ್ನೇ ಬಿಟ್ಟುಕೊಟ್ಟಂತೆ, ವಿರೋಧಿಗಳನ್ನು ನಿಭಾಯಿಸಲಾಗದೆಂದು ಸರ್ಕಾರ ಕೈಚೆಲ್ಲುವಂತಿಲ್ಲ, ರಕ್ಷಣೆ ಕೊಡುವುದೇ ಅದರ ಕರ್ತವ್ಯ ಎಂಬುದು ಆ ತೀರ್ಪಿನ ಸಾರ. ತಮಿಳು ಕಾದಂಬರಿಕಾರ ಪೆರುಮಾಳ್ ಮುರುಗನ್ ಅವರನ್ನು ಅಧಿಕಾರಿಗಳು ‘ಶಾಂತಿ ಸಭೆ’ಯಲ್ಲಿ ಕೂರಿಸಿ ಕ್ಷಮೆ ಬರೆಸಿಕೊಂಡದ್ದನ್ನು ಮದರಾಸು ಹೈಕೋರ್ಟು 2016ರಲ್ಲಿ ಒಪ್ಪಲಿಲ್ಲ. ಆ ಸಭೆಯ ತೀರ್ಮಾನಕ್ಕೆ ಯಾವ ಬಲವೂ ಇಲ್ಲವೆಂದು ಅದು ಹೇಳಿತು. ನಿಮ್ಮ ಊರಿನಲ್ಲಿ ನಡೆದದ್ದೂ ಅದೇ ಮಾದರಿಯದು.

ನೀವು ಮಾಡಬಹುದಾಗಿದ್ದದ್ದು, ಮುಂದೆ ಮಾಡಬೇಕಾದದ್ದು ಇಷ್ಟು. ಬಾಯಿಮಾತಿನ ನಿಷೇಧವನ್ನು ನಿಷೇಧವೆಂದು ಒಪ್ಪಿಕೊಳ್ಳಬೇಡಿ. ‘ತಾವು ಈ ದಿನ ಹೀಗೆ ಹೇಳಿದಿರಿ, ಲಿಖಿತ ಆದೇಶ ಮತ್ತು ಕಾರಣ ಕೊಡಿ, ನಮಗೆ ರಕ್ಷಣೆ ಬೇಕು’ ಎಂದು ನೀವೇ ಪತ್ರ ಬರೆದು ತಹಶೀಲ್ದಾರರಿಗೂ ಠಾಣೆಗೂ ಜಿಲ್ಲಾ ಆಡಳಿತಕ್ಕೂ ಕೊಟ್ಟು ಸ್ವೀಕೃತಿ ಪಡೆಯಿರಿ. ಹೆಚ್ಚಿನ ಸಂದರ್ಭಗಳಲ್ಲಿ ಲಿಖಿತ ಆದೇಶ ಬರುವುದಿಲ್ಲ, ಏಕೆಂದರೆ ಬರೆದರೆ ಅದಕ್ಕೆ ಕಾರಣ ಕೊಡಬೇಕಾಗುತ್ತದೆ. ಒಂದು ವೇಳೆ ಆದೇಶ ಬಂದರೆ ಹೈಕೋರ್ಟಿನಲ್ಲಿ ಅದನ್ನು ಪ್ರಶ್ನಿಸಬಹುದು.

ನಮ್ಮ ಮಲೆನಾಡಿನದೇ ಒಂದು ಪ್ರಸಂಗ ಇಲ್ಲಿ ನೆನಪಾಗುತ್ತದೆ. ತೀರ್ಥಹಳ್ಳಿ ಸೀಮೆಯ ಯು.ಆರ್. ಅನಂತಮೂರ್ತಿಯವರ ಕಾದಂಬರಿಯನ್ನು ಆಧರಿಸಿ, ಶೃಂಗೇರಿ ಬಳಿಯ ವೈಕುಂಠಪುರದಲ್ಲಿ ಚಿತ್ರೀಕರಿಸಿದ ‘ಸಂಸ್ಕಾರ’ ಚಿತ್ರಕ್ಕೆ ಮದರಾಸಿನ ಸೆನ್ಸಾರ್ ಮಂಡಳಿ ಪ್ರಮಾಣಪತ್ರ ನಿರಾಕರಿಸಿತ್ತು. ಒಂದು ಸಮುದಾಯದವರಿಗೆ ನೋವಾದೀತೆಂಬುದೇ ಕಾರಣವಾಗಿತ್ತು. ಕೇಂದ್ರ ಸರ್ಕಾರ ಆ ನಿರ್ಬಂಧವನ್ನು ತೆಗೆದ ಮೇಲೆ 1970ರಲ್ಲಿ ಚಿತ್ರ ಬಿಡುಗಡೆಯಾಗಿ, ಆ ವರ್ಷದ ಅತ್ಯುತ್ತಮ ಚಿತ್ರವೆಂಬ ರಾಷ್ಟ್ರಪ್ರಶಸ್ತಿಯನ್ನು ಪಡೆಯಿತು. ಯಾರಿಗೆ ನೋವಾಗುತ್ತದೆಂದು ಮಂಡಳಿ ಹೆದರಿತ್ತೋ ಅದೇ ಸಮಾಜದವರೂ ಚಿತ್ರಮಂದಿರಕ್ಕೆ ಹೋಗಿ ನೋಡಿದರು, ಒಪ್ಪಿದರು, ಕೆಲವರು ಒಪ್ಪದೆ ವಾದಿಸಿದರು. ಆ ಚಿತ್ರದ ನಟಿ ಸ್ನೇಹಲತಾ ರೆಡ್ಡಿಯವರನ್ನು ತುರ್ತು ಪರಿಸ್ಥಿತಿಯಲ್ಲಿ ಬಂಧಿಸಿ ಬೆಂಗಳೂರಿನ ಕಾರಾಗೃಹದಲ್ಲಿ ಇಡಲಾಯಿತು. ಅಸ್ತಮಾದಿಂದ ನರಳುತ್ತಿದ್ದ ಅವರು ಹೊರಬಂದ ಕೆಲವೇ ದಿನಗಳಲ್ಲಿ, 1977ರ ಜನವರಿಯಲ್ಲಿ ತೀರಿಕೊಂಡರು. ಮಾತನ್ನು ತಡೆಯುವ ಅಧಿಕಾರ ಎಲ್ಲಿಯವರೆಗೆ ಕೈಚಾಚಬಲ್ಲದೆಂಬುದಕ್ಕೆ ಅವರ ಬದುಕು ಸಾಕ್ಷಿಯಾಗಿದೆ.

ಪ್ರಶ್ನೆ: ಕಲ್ಲುಕ್ವಾರಿಗಳ ಬಗ್ಗೆ ಬರೆದ ಮೇಲೆ ನಮ್ಮ ಸ್ಥಳೀಯ ಪತ್ರಿಕೆಗೆ ಜಾಹೀರಾತು ನಿಂತುಹೋಗಿದೆ. ಯಾರೂ ಬೆದರಿಸಿಲ್ಲ, ಯಾರೂ ಬರೆಯಬೇಡಿ ಎಂದಿಲ್ಲ. ಇದೂ ಸೆನ್ಸಾರ್‌ಶಿಪ್ ಆಗುತ್ತದೆಯೇ? (ಪತ್ರಿಕಾ ಮಾಲೀಕರು, ಭದ್ರಾವತಿ)

ಉತ್ತರ: ಖಾಸಗಿ ವ್ಯಾಪಾರಿಗೆ ತನ್ನ ಜಾಹೀರಾತನ್ನು ಯಾರಿಗೆ ಕೊಡಬೇಕೆಂಬ ಸ್ವಾತಂತ್ರ್ಯವಿದೆ, ಅದನ್ನು ಕಾನೂನಿನಿಂದ ಪ್ರಶ್ನಿಸಲಾಗದು. ಸರ್ಕಾರಿ ಜಾಹೀರಾತಿನ ಮಾತು ಬೇರೆ. ಅದು ಜನರ ಹಣ, ಬರಹದ ಮೇಲಿನ ಸಿಟ್ಟಿಗೆ ಅದನ್ನು ದಂಡವಾಗಿ ಬಳಸಬಾರದು, ಮತ್ತು ಅಂಥ ಪ್ರಕರಣವನ್ನು ಭಾರತೀಯ ಪತ್ರಿಕಾ ಮಂಡಳಿಯ ಮುಂದೆ ಒಯ್ಯಲು ನಿಮಗೆ ಅವಕಾಶವಿದೆ. ನೀವು ವರ್ಣಿಸಿದ ಮೌನದ ಒತ್ತಡ ಬೆದರಿಕೆಗಿಂತ ಕೆಟ್ಟದ್ದು, ಏಕೆಂದರೆ ಬೆದರಿಕೆಯನ್ನು ಸುದ್ದಿಯಾಗಿಸಬಹುದು, ಬಾರದ ಜಾಹೀರಾತನ್ನು ಸುದ್ದಿಯಾಗಿಸಲಾಗದು. ಕಾಲಕ್ರಮದಲ್ಲಿ ಸಂಪಾದಕ ತಾನಾಗಿಯೇ ಕೆಲವು ವಿಷಯಗಳ ಸುತ್ತ ಬೇಲಿ ಹಾಕಿಕೊಳ್ಳುತ್ತಾನೆ.

ಆದರೆ ಕ್ವಾರಿಯ ಬಗ್ಗೆ ಬರೆಯದೆ ಇರುವುದರ ಬೆಲೆ ಏನೆಂದು ನಮ್ಮ ಜಿಲ್ಲೆಗೆ ಗೊತ್ತಿದೆ. 2021ರ ಜನವರಿ 21ರ ರಾತ್ರಿ ಶಿವಮೊಗ್ಗದ ಬಳಿಯ ಹುಣಸೋಡಿನಲ್ಲಿ ಕ್ವಾರಿಗೆ ತಂದ ಸ್ಫೋಟಕಗಳು ಸಿಡಿದು ಜನ ಸತ್ತಾಗ, ಭೂಕಂಪವಾಯಿತೆಂದು ದೂರದ ಊರುಗಳ ಜನರೂ ಮನೆಯಿಂದ ಹೊರಗೋಡಿ ಬಂದಿದ್ದರು. ಅಕ್ರಮ ಗಣಿಗಾರಿಕೆಯ ಚರ್ಚೆ ರಾಜ್ಯಮಟ್ಟದಲ್ಲಿ ಎದ್ದದ್ದು ಆ ಬಳಿಕ. ನಿಮ್ಮಂಥ ಪತ್ರಿಕೆಗಳು ಬರೆಯಬೇಕಾದದ್ದು ಆ ರಾತ್ರಿಗೆ ಮೊದಲು.

ಬದುಕುವ ದಾರಿಯೇನು? ನಮ್ಮ ಶಿವಮೊಗ್ಗ ತಾಲ್ಲೂಕಿನ ಕೊನಗವಳ್ಳಿಯವರಾದ ಪಿ. ಲಂಕೇಶ್ ಅವರು 1980ರಲ್ಲಿ ಆರಂಭಿಸಿದ ವಾರಪತ್ರಿಕೆ ಜಾಹೀರಾತನ್ನೇ ಪಡೆಯದೆ, ಓದುಗರು ಕೊಟ್ಟ ಹಣದಿಂದಲೇ ನಡೆಯಿತು. ಆ ಕಾಲ ಬೇರೆ, ಆ ಬರವಣಿಗೆಯ ಸೆಳೆತ ಬೇರೆ ಎಂಬುದನ್ನು ಬಲ್ಲೆ. ಆದರೂ ಜಾಹೀರಾತಿನ ಪಾಲನ್ನು ಇಳಿಸಿ, ವಾರ್ಷಿಕ ಚಂದಾದಾರರ ಪಾಲನ್ನು ಏರಿಸುವುದಲ್ಲದೆ ಬೇರೆ ಭದ್ರವಾದ ದಾರಿ ನನಗೆ ಕಾಣುತ್ತಿಲ್ಲ. ಈ ಪುಟವನ್ನು ಓದುತ್ತಿರುವ ಇತರರಿಗೂ ಒಂದು ಕೋರಿಕೆ: ನಿಮ್ಮ ಊರಿನಲ್ಲಿ ಪ್ರಾಮಾಣಿಕವಾಗಿ ನಡೆಯುವ ಸಣ್ಣ ಪತ್ರಿಕೆ ಇದ್ದರೆ ಅದಕ್ಕೆ ಚಂದಾ ಕಟ್ಟಿ.

ಪ್ರಶ್ನೆ: ವಾಟ್ಸ್‌ಆ್ಯಪ್ ಗುಂಪಿನಲ್ಲಿ ನಮ್ಮೂರಿನ ಕುಡಿಯುವ ನೀರಿನ ಅವ್ಯವಸ್ಥೆಯ ವಿಡಿಯೊ ಹಾಕಿದ್ದಕ್ಕೆ ‘ಸುಳ್ಳು ಸುದ್ದಿ, ಅಳಿಸು, ಇಲ್ಲವಾದರೆ ಕೇಸು’ ಎಂದು ಫೋನ್ ಬಂತು. ಅಳಿಸಬೇಕೇ? (ಯುವ ಓದುಗ, ತೀರ್ಥಹಳ್ಳಿ)

ಉತ್ತರ: ವಿಡಿಯೊ ನಿಜವಾಗಿದ್ದರೆ, ಜಾಗ ಮತ್ತು ದಿನಾಂಕ ಸರಿಯಿದ್ದರೆ ಅಳಿಸುವ ಅಗತ್ಯವಿಲ್ಲ. ‘ಕಿರಿಕಿರಿಯಾಯಿತು’ ಎಂಬ ಕಾರಣಕ್ಕೇ ಬಂಧಿಸಲು ಅವಕಾಶ ಕೊಟ್ಟಿದ್ದ ಮಾಹಿತಿ ತಂತ್ರಜ್ಞಾನ ಕಾಯ್ದೆಯ 66ಎ ಕಲಮನ್ನು ಸುಪ್ರೀಂ ಕೋರ್ಟು 2015ರ ಮಾರ್ಚ್ 24ರಂದು ಶ್ರೇಯಾ ಸಿಂಘಾಲ್ ಪ್ರಕರಣದಲ್ಲಿ ರದ್ದುಪಡಿಸಿದೆ. ಆ ಅರ್ಜಿ ಸಲ್ಲಿಸಿದವರು ಅಂದು ಕಾನೂನು ವಿದ್ಯಾರ್ಥಿನಿಯಾಗಿದ್ದರು. ಸರ್ಕಾರದ ಕೆಲಸದ ಬಗೆಗಿನ ಯಾವ ಮಾತು ಸುಳ್ಳೆಂದು ಸರ್ಕಾರದ ಘಟಕವೇ ತೀರ್ಮಾನಿಸುವ ನಿಯಮವನ್ನೂ ಬಾಂಬೆ ಹೈಕೋರ್ಟು 2024ರ ಸೆಪ್ಟೆಂಬರ್‌ನಲ್ಲಿ ತಳ್ಳಿಹಾಕಿತು. ಆದರೆ ಬೇರೆ ಊರಿನ, ಬೇರೆ ವರ್ಷದ ವಿಡಿಯೊವನ್ನು ನಮ್ಮೂರಿನದೆಂದು ಹಾಕಿದ್ದರೆ ಕೂಡಲೇ ತೆಗೆದು, ಅದೇ ಗುಂಪಿನಲ್ಲಿ ತಿದ್ದುಪಡಿ ಹಾಕಿ. ಸುಳ್ಳೆಂದು ತಿಳಿದೂ ಜನರಲ್ಲಿ ಭೀತಿ ಹುಟ್ಟಿಸುವ ಸುದ್ದಿ ಹರಡುವುದು ನ್ಯಾಯ ಸಂಹಿತೆಯ 353ನೆಯ ಕಲಮಿನಡಿ ಅಪರಾಧವೇ ಆಗಿದೆ.

ಪ್ರಶ್ನೆ: ಪತ್ರಿಕೆಗಳ ಸ್ವಾತಂತ್ರ್ಯದ ಬಗ್ಗೆ ಇಷ್ಟು ಮಾತಾಡುತ್ತೀರಿ. ನನ್ನ ಕುಟುಂಬದ ಬಗ್ಗೆ ಪತ್ರಿಕೆಯೊಂದು ಹಸಿ ಸುಳ್ಳು ಬರೆಯಿತು. ನಮ್ಮಂಥವರಿಗೆ ಇರುವ ದಾರಿ ಯಾವುದು? (ಗೃಹಿಣಿ, ಶಿಕಾರಿಪುರ)

ಉತ್ತರ: ತಾಯಿ, ನಿಮ್ಮ ಪ್ರಶ್ನೆಗೆ ಉತ್ತರವಿಲ್ಲದಿದ್ದರೆ ಮೇಲಿನ ಮಾತುಗಳಿಗೆ ಬೆಲೆಯಿರದು. ಮೊದಲು ಸಂಪಾದಕರಿಗೆ ಸ್ಪೀಡ್ ಪೋಸ್ಟ್‌ನಲ್ಲಿ ಪತ್ರ ಬರೆದು, ಯಾವ ಸಾಲು ಸುಳ್ಳು, ನಿಜ ಯಾವುದು, ಅದಕ್ಕೆ ದಾಖಲೆ ಏನು ಎಂಬುದನ್ನು ತಿಳಿಸಿ. ಸುದ್ದಿ ಬಂದ ಜಾಗದಷ್ಟೇ ಎದ್ದುಕಾಣುವ ಜಾಗದಲ್ಲಿ ಸ್ಪಷ್ಟನೆ ಪ್ರಕಟಿಸುವಂತೆ ಕೇಳಿ. ಸಂಪಾದಕರು ಕಿವಿಗೊಡದಿದ್ದರೆ ಆ ಪತ್ರದ ಪ್ರತಿ ಮತ್ತು ಪತ್ರಿಕೆಯ ತುಣುಕಿನೊಂದಿಗೆ ಭಾರತೀಯ ಪತ್ರಿಕಾ ಮಂಡಳಿಗೆ ದೂರು ಕೊಡಬಹುದು. ದಿನಪತ್ರಿಕೆ ಮತ್ತು ವಾರಪತ್ರಿಕೆಗಳ ವಿಷಯದಲ್ಲಿ ಪ್ರಕಟವಾದ ಎರಡು ತಿಂಗಳೊಳಗೆ, ಉಳಿದ ನಿಯತಕಾಲಿಕೆಗಳ ವಿಷಯದಲ್ಲಿ ನಾಲ್ಕು ತಿಂಗಳೊಳಗೆ ದೂರು ತಲುಪಬೇಕು. ಮಂಡಳಿಗೆ ದಂಡ ಹಾಕುವ ಅಧಿಕಾರವಿಲ್ಲ, ಎಚ್ಚರಿಸುವ ಮತ್ತು ಖಂಡಿಸುವ ಅಧಿಕಾರ ಮಾತ್ರವಿದೆ, ಟಿ.ವಿ. ವಾಹಿನಿಗಳು ಅದರ ವ್ಯಾಪ್ತಿಗೆ ಬರುವುದಿಲ್ಲ. ಪರಿಹಾರದ ಹಣವೂ ಬೇಕೆಂದಾದರೆ ಸಿವಿಲ್ ದಾವೆಯನ್ನು ಒಂದು ವರ್ಷದೊಳಗೆ ಹೂಡಬೇಕು. ನಿಮ್ಮ ಪತ್ರದಲ್ಲಿರುವ ಪ್ರಕಟಣೆಯ ದಿನಾಂಕವನ್ನು ನೋಡಿದರೆ ಮಂಡಳಿಯ ಗಡುವಿಗೆ ಇನ್ನು ಮೂರು ವಾರ ಮಾತ್ರ ಉಳಿದಿದೆ. ಆದ್ದರಿಂದ ಸಂಪಾದಕರಿಗೆ ಬರೆಯುವ ಪತ್ರವನ್ನು ಈ ವಾರವೇ ಅಂಚೆಗೆ ಹಾಕಿ, ಅಂಚೆ ಕಚೇರಿಯ ರಸೀದಿಯನ್ನು ಜೋಪಾನವಾಗಿ ಇಟ್ಟುಕೊಳ್ಳಿ.